ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್: ಬೆಳವಣಿಗೆ ಅಂಶಗಳು, ಅವುಗಳ ಗ್ರಾಹಿಗಳು ಹಾಗೂ ಚಿಕಿತ್ಸೆಗೆ ಮುನ್ನ ಮಾಡಿಸಬೇಕಾದ ವಂಶವಾಹಿ ಪರೀಕ್ಷೆ

1. ಪೀಠಿಕೆ

ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ರೋಗವು ಜಗತ್ತಿನಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್‌ಗಳ ಪೈಕಿ ಮೂರನೆಯ ಸ್ಥಾನದಲ್ಲಿಯೂ, ಕ್ಯಾನ್ಸರ್‌ನಿಂದಾಗುವ ಮರಣಗಳ ಪೈಕಿ ಎರಡನೆಯ ಸ್ಥಾನದಲ್ಲಿಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ, 2022ನೇ ವರ್ಷವೊಂದರಲ್ಲಿಯೇ ಸುಮಾರು 19 ಲಕ್ಷ ಜನರಲ್ಲಿ ಈ ರೋಗವು ಹೊಸದಾಗಿ ಪತ್ತೆಯಾಗಿದ್ದು, ಸುಮಾರು 9 ಲಕ್ಷ ಜನರು ಇದರಿಂದ ಮೃತಪಟ್ಟಿರುತ್ತಾರೆ.

ಈ ರೋಗದ ಚಿಕಿತ್ಸೆಯಲ್ಲಿ 2004ನೇ ವರ್ಷದಿಂದ ಈಚೆಗೆ ಶಸ್ತ್ರಚಿಕಿತ್ಸೆ, ಕೀಮೋಥೆರಪಿ ಮತ್ತು ವಿಕಿರಣ ಚಿಕಿತ್ಸೆಗಳ ಜೊತೆಗೆ 'ನಿರ್ದೇಶಿತ ಔಷಧ'ಗಳೆಂಬ ಹೊಸ ವರ್ಗದ ಔಷಧಗಳು ಬಳಕೆಗೆ ಬಂದಿವೆ. ಇವು ಕ್ಯಾನ್ಸರ್ ಜೀವಕೋಶಗಳ ಬೆಳವಣಿಗೆಗೆ ಪ್ರಚೋದನೆ ನೀಡುವ ಪ್ರೋಟೀನ್‌ಗಳನ್ನು ಅಥವಾ ಅವುಗಳನ್ನು ಸ್ವೀಕರಿಸುವ ಗ್ರಾಹಿಗಳನ್ನು ತಡೆಯುತ್ತವೆ. ಇವುಗಳ ಬೆಲೆ ಅಧಿಕ. ಇವುಗಳಲ್ಲಿ ಒಂದು ಪ್ರಮುಖ ಗುಂಪಿನ ಔಷಧಗಳು ಎಲ್ಲ ರೋಗಿಗಳಿಗೂ ಉಪಯುಕ್ತವಲ್ಲ. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಅವು ಫಲ ನೀಡುವುದಿಲ್ಲವಲ್ಲದೆ, ಕೆಲವು ಸಂದರ್ಭಗಳಲ್ಲಿ ಹಾನಿಯನ್ನೂ ಉಂಟುಮಾಡಬಹುದು. ಯಾರಿಗೆ ಫಲಕಾರಿಯಾಗಬಹುದು, ಯಾರಿಗೆ ಆಗಲಾರದು ಎಂಬುದನ್ನು ಗೆಡ್ಡೆಯ ತುಣುಕಿನ ವಂಶವಾಹಿ ಪರೀಕ್ಷೆಯಿಂದ ಚಿಕಿತ್ಸೆಗೆ ಮುನ್ನವೇ ಬಹುಮಟ್ಟಿಗೆ ತಿಳಿಯಬಹುದಾಗಿದೆ. ಈ ಪರೀಕ್ಷೆಯ ಹಿನ್ನೆಲೆ, ಅದನ್ನು ಮಾಡಿಸಬೇಕಾದ ಸಂದರ್ಭ, ವರದಿಯ ಅರ್ಥ ಹಾಗೂ ಅರ್ಜಿದಾರರು ಅನುಸರಿಸಬೇಕಾದ ಕ್ರಮಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗೆ ನೀಡಲಾಗಿದೆ.

2. ರೋಗದ ಸ್ವರೂಪ

ದೊಡ್ಡ ಕರುಳಿನ ಒಳಪದರದ ಜೀವಕೋಶಗಳು ಕೆಲವೇ ದಿನಗಳಿಗೊಮ್ಮೆ ಸವೆದು ಹೊಸದಾಗಿ ಹುಟ್ಟುತ್ತಿರುತ್ತವೆ. ಈ ಹುಟ್ಟು ಮತ್ತು ಸವೆತಗಳ ಸಮತೋಲನ ತಪ್ಪಿದಾಗ ಒಳಪದರದಲ್ಲಿ 'ಪಾಲಿಪ್' ಎಂಬ ಸಣ್ಣ ಗಂಟು ಮೂಡುತ್ತದೆ. ಎಲ್ಲ ಪಾಲಿಪ್‌ಗಳೂ ಕ್ಯಾನ್ಸರ್ ಆಗುವುದಿಲ್ಲ. ಆದರೆ ಕೆಲವು ಪಾಲಿಪ್‌ಗಳ ಜೀವಕೋಶಗಳಲ್ಲಿ ಒಂದರ ನಂತರ ಒಂದರಂತೆ ವಂಶವಾಹಿಗಳ ದೋಷಗಳು ಸಂಗ್ರಹವಾಗುತ್ತಾ ಹೋಗಿ, ಅನೇಕ ವರ್ಷಗಳ ಅವಧಿಯಲ್ಲಿ ಅವು ಕ್ಯಾನ್ಸರ್ ಗೆಡ್ಡೆಗಳಾಗಿ ಪರಿವರ್ತನೆ ಹೊಂದುತ್ತವೆ. ಈ ಹಂತಹಂತದ ಪರಿವರ್ತನೆಯನ್ನು ಅಮೆರಿಕದ ವಿಜ್ಞಾನಿಗಳಾದ ಎರಿಕ್ ಫಿಯರಾನ್ ಮತ್ತು ಬರ್ಟ್ ವೋಗಲ್‌ಸ್ಟೈನ್ ಅವರು 1990ರಲ್ಲಿ ನಿರೂಪಿಸಿದರು.

ಮಲದಲ್ಲಿ ರಕ್ತ ಕಾಣಿಸಿಕೊಳ್ಳುವುದು, ಮಲವಿಸರ್ಜನೆಯ ಕ್ರಮದಲ್ಲಿ ವಾರಗಟ್ಟಲೆ ಮುಂದುವರಿಯುವ ಬದಲಾವಣೆ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಹೊಟ್ಟೆನೋವು ಮುಂತಾದವು ಈ ರೋಗದ ಸಾಮಾನ್ಯ ಲಕ್ಷಣಗಳಾಗಿವೆ. ಮಲದಲ್ಲಿ ರಕ್ತ ಕಂಡಾಗ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸದೆ, ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳುವುದು ಅವಶ್ಯಕ.

3. ಬೆಳವಣಿಗೆ ಅಂಶ ಮತ್ತು ಗ್ರಾಹಿ ಎಂದರೇನು?

ಶರೀರದ ಜೀವಕೋಶವು ತನ್ನಷ್ಟಕ್ಕೆ ತಾನೇ ವಿಭಜನೆ ಹೊಂದುವುದಿಲ್ಲ. ವಿಭಜನೆ ಹೊಂದುವಂತೆ ಹೊರಗಿನಿಂದ ಅದಕ್ಕೆ ಸಂದೇಶ ಬರಬೇಕು. ಈ ಸಂದೇಶವನ್ನು ಹೊತ್ತು ತರುವ ಪ್ರೋಟೀನ್‌ಗಳಿಗೆ 'ಬೆಳವಣಿಗೆ ಅಂಶ'ಗಳೆಂದು ಹೆಸರು. ಜೀವಕೋಶದ ಹೊರಪೊರೆಯ ಮೇಲಿದ್ದು, ಈ ಸಂದೇಶವನ್ನು ಸ್ವೀಕರಿಸಿ ಒಳಗೆ ರವಾನಿಸುವ ಪ್ರೋಟೀನ್‌ಗೆ 'ಗ್ರಾಹಿ' ಎಂದು ಹೆಸರು. ಬೆಳವಣಿಗೆ ಅಂಶವು ಕೀಲಿಕೈಯಂತೆಯೂ ಗ್ರಾಹಿಯು ಬೀಗದಂತೆಯೂ ವರ್ತಿಸುತ್ತವೆ. ನಿರ್ದಿಷ್ಟ ಕೀಲಿಕೈಗಳು ಮಾತ್ರ ನಿರ್ದಿಷ್ಟ ಬೀಗವನ್ನು ತೆರೆಯಬಲ್ಲವು.

ಇಂತಹ ಬೆಳವಣಿಗೆ ಅಂಶಗಳಲ್ಲಿ ಮೊದಲಿಗೆ ಪತ್ತೆಯಾದವುಗಳ ಪೈಕಿ 'ಎಪಿಡರ್ಮಲ್ ಬೆಳವಣಿಗೆ ಅಂಶ'ವೂ ಒಂದು. ಇದನ್ನು ಸಂಕ್ಷಿಪ್ತವಾಗಿ ಇಜಿಎಫ್ ಎನ್ನುತ್ತಾರೆ. ಅಮೆರಿಕದ ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ಅವರು ಇಲಿಯ ಲಾಲಾಗ್ರಂಥಿಯಿಂದ ಇದನ್ನು ಬೇರ್ಪಡಿಸಿ, 1962ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಆಗತಾನೇ ಹುಟ್ಟಿದ ಇಲಿಮರಿಗಳಿಗೆ ಇದನ್ನು ಚುಚ್ಚಿದಾಗ ಅವುಗಳ ಕಣ್ಣಿನ ರೆಪ್ಪೆಗಳು ಅವಧಿಗೆ ಮುನ್ನವೇ ತೆರೆದುಕೊಂಡು, ಹಲ್ಲುಗಳೂ ಬೇಗನೆ ಮೂಡಿದ್ದವು. ಬೆಳವಣಿಗೆ ಅಂಶಗಳ ಸಂಶೋಧನೆಗಾಗಿ ಕೋಹೆನ್ ಹಾಗೂ ಇಟಲಿಯ ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೆ 1986ನೇ ಸಾಲಿನ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ನೀಡಲಾಯಿತು.

ಇಜಿಎಫ್‌ನ ಗ್ರಾಹಿಯನ್ನು ಇಜಿಎಫ್‌ಆರ್ ಎಂದು ಕರೆಯಲಾಗುತ್ತದೆ. ಇದನ್ನು ತಯಾರಿಸುವ ವಂಶವಾಹಿಯು 7ನೇ ವರ್ಣತಂತುವಿನಲ್ಲಿದೆ. ಈ ಗ್ರಾಹಿಯ ಕುಟುಂಬದಲ್ಲಿ ಹರ್-2, ಹರ್-3 ಮತ್ತು ಹರ್-4 ಎಂಬ ಇನ್ನೂ ಮೂರು ಗ್ರಾಹಿಗಳಿವೆ. ಇಜಿಎಫ್ ಮಾತ್ರವಲ್ಲದೆ, ಟಿಜಿಎಫ್-ಆಲ್ಫಾ, ಆಂಫಿರೆಗ್ಯುಲಿನ್, ಎಪಿರೆಗ್ಯುಲಿನ್ ಮುಂತಾದ ಬೆಳವಣಿಗೆ ಅಂಶಗಳೂ ಇಜಿಎಫ್‌ಆರ್‌ಗೆ ಅಂಟಿಕೊಳ್ಳಬಲ್ಲವು.

ಸಂದೇಶವು ಗ್ರಾಹಿಯಿಂದ ಜೀವಕೋಶದ ಕೇಂದ್ರಕ್ಕೆ ನೇರವಾಗಿ ತಲುಪುವುದಿಲ್ಲ. ಗ್ರಾಹಿಯು ಮೊದಲು 'ರಾಸ್' ಎಂಬ ಪ್ರೋಟೀನನ್ನು ಎಚ್ಚರಿಸುತ್ತದೆ. ರಾಸ್ 'ರಾಫ್' ಎಂಬುದನ್ನು, ರಾಫ್ ಮುಂದಿನದನ್ನು ಎಚ್ಚರಿಸುತ್ತಾ ಹೋಗುತ್ತವೆ. ಕೊನೆಯಲ್ಲಿ ವಿಭಜನೆ ಹೊಂದಬೇಕೆಂಬ ಆಜ್ಞೆಯು ಕೇಂದ್ರವನ್ನು ತಲುಪುತ್ತದೆ. ಕೆಲಸ ಮುಗಿದ ಕೂಡಲೇ ರಾಸ್ ಪ್ರೋಟೀನ್ ಪುನಃ ವಿಶ್ರಾಂತ ಸ್ಥಿತಿಗೆ ಮರಳುತ್ತದೆ. ಆರೋಗ್ಯವಂತ ಜೀವಕೋಶದಲ್ಲಿ ಬೆಳವಣಿಗೆಯು ಹತೋಟಿಯಲ್ಲಿರಲು ಇದು ಮುಖ್ಯ ಕಾರಣಗಳಲ್ಲೊಂದು.

4. ವಂಶವಾಹಿಯ ಅಭಿವ್ಯಕ್ತಿ ಮತ್ತು ಉತ್ಪರಿವರ್ತನೆ

ವೈದ್ಯಕೀಯ ವರದಿಗಳನ್ನು ಅರ್ಥ ಮಾಡಿಕೊಳ್ಳಲು ಎರಡು ಪದಗಳ ವ್ಯತ್ಯಾಸವನ್ನು ತಿಳಿದಿರಬೇಕಾಗುತ್ತದೆ.

(ಅ) ಅಭಿವ್ಯಕ್ತಿ: ಪ್ರತಿ ಜೀವಕೋಶದಲ್ಲಿಯೂ ಎಲ್ಲ ವಂಶವಾಹಿಗಳಿದ್ದರೂ, ಎಲ್ಲವೂ ಏಕಕಾಲಕ್ಕೆ ಕೆಲಸ ಮಾಡುವುದಿಲ್ಲ. ಒಂದು ವಂಶವಾಹಿಯಲ್ಲಿರುವ ಮಾಹಿತಿಯನ್ನು ಬಳಸಿ ಪ್ರೋಟೀನ್ ತಯಾರಾಗುವ ಕ್ರಿಯೆಗೆ ಅಭಿವ್ಯಕ್ತಿ ಎಂದು ಹೆಸರು. ಅಭಿವ್ಯಕ್ತಿ ಹೆಚ್ಚಾದಂತೆ ಪ್ರೋಟೀನ್‌ನ ಪ್ರಮಾಣವೂ ಸಾಮಾನ್ಯವಾಗಿ ಹೆಚ್ಚುತ್ತದೆ. ಗೆಡ್ಡೆಯ ತೆಳುವಾದ ಪದರಕ್ಕೆ ವಿಶೇಷ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ 'ಇಮ್ಯುನೊಹಿಸ್ಟೊಕೆಮಿಸ್ಟ್ರಿ' ಪರೀಕ್ಷೆಯಿಂದ ಗ್ರಾಹಿಯ ಪ್ರಮಾಣವನ್ನು ಅಂದಾಜು ಮಾಡುತ್ತಾರೆ. ಬಣ್ಣದ ತೀವ್ರತೆಯನ್ನು 0, 1+, 2+, 3+ ಎಂದು ನಮೂದಿಸುವುದು ವಾಡಿಕೆ.

(ಆ) ಉತ್ಪರಿವರ್ತನೆ: ವಂಶವಾಹಿಯ ಅಕ್ಷರಗಳ ಅನುಕ್ರಮದಲ್ಲಿಯೇ ಉಂಟಾಗುವ ಬದಲಾವಣೆಗೆ ಉತ್ಪರಿವರ್ತನೆ ಎಂದು ಹೆಸರು. ವರದಿಗಳಲ್ಲಿ ಇದನ್ನು 'ಮ್ಯುಟೇಷನ್' ಎಂದು ನಮೂದಿಸಿರುತ್ತಾರೆ. ಇಲ್ಲಿ ಬದಲಾಗುವುದು ಪ್ರೋಟೀನ್‌ನ ಪ್ರಮಾಣವಲ್ಲ, ಅದರ ಗುಣ. ಬಣ್ಣದ ಪರೀಕ್ಷೆಯಿಂದ ಇದು ಸಾಮಾನ್ಯವಾಗಿ ತಿಳಿಯುವುದಿಲ್ಲ. ಗೆಡ್ಡೆಯಿಂದ ಡಿಎನ್‌ಎಯನ್ನು ಬೇರ್ಪಡಿಸಿ ಪರೀಕ್ಷಿಸಬೇಕಾಗುತ್ತದೆ.

5. ಗ್ರಾಹಿಯ ಪ್ರಮಾಣಕ್ಕಿಂತ ರಾಸ್‌ನ ಸ್ಥಿತಿ ಮುಖ್ಯ

ದೊಡ್ಡ ಕರುಳಿನ ಕ್ಯಾನ್ಸರ್ ಗೆಡ್ಡೆಗಳ ಪೈಕಿ ಬಹಳಷ್ಟರಲ್ಲಿ ಇಜಿಎಫ್‌ಆರ್‌ನ ಅಭಿವ್ಯಕ್ತಿ ಕಂಡುಬರುತ್ತದೆ. ಈ ಗ್ರಾಹಿಯನ್ನು ಹೊರಗಿನಿಂದ ಮುಚ್ಚಿಬಿಟ್ಟರೆ ಗೆಡ್ಡೆಯ ಬೆಳವಣಿಗೆ ನಿಲ್ಲಬೇಕೆಂಬ ತರ್ಕದ ಮೇಲೆ ಸೆಟುಕ್ಸಿಮ್ಯಾಬ್ ಎಂಬ ಪ್ರತಿಕಾಯ ಔಷಧವನ್ನು ಸಿದ್ಧಪಡಿಸಲಾಯಿತು. ಅಮೆರಿಕದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಇದಕ್ಕೆ 2004ರ ಫೆಬ್ರವರಿಯಲ್ಲಿಯೂ, ಅದೇ ಗುಂಪಿನ ಪ್ಯಾನಿಟುಮುಮ್ಯಾಬ್‌ಗೆ 2006ರ ಸೆಪ್ಟೆಂಬರ್‌ನಲ್ಲಿಯೂ ಅನುಮತಿ ದೊರೆಯಿತು. ಆರಂಭದಲ್ಲಿ, ಬಣ್ಣದ ಪರೀಕ್ಷೆಯಲ್ಲಿ ಇಜಿಎಫ್‌ಆರ್ ಕಂಡುಬಂದ ರೋಗಿಗಳಿಗೆ ಮಾತ್ರ ಈ ಔಷಧವನ್ನು ನೀಡಬೇಕೆಂಬ ಷರತ್ತು ಇತ್ತು.

ಆದರೆ ಈ ತರ್ಕವು ಅಪೂರ್ಣವೆಂಬುದು ಶೀಘ್ರದಲ್ಲಿಯೇ ತಿಳಿದುಬಂದಿತು. 2004ರಲ್ಲಿ ಪ್ರಕಟವಾದ 329 ರೋಗಿಗಳ ಯೂರೋಪಿನ ಅಧ್ಯಯನದಲ್ಲಿ, ಬಣ್ಣದ ತೀವ್ರತೆಗೂ ಔಷಧದ ಫಲಕ್ಕೂ ಯಾವ ಸಂಬಂಧವೂ ಕಂಡುಬರಲಿಲ್ಲ. 2005ರಲ್ಲಿ ಪ್ರಕಟವಾದ ಮತ್ತೊಂದು ವರದಿಯಂತೆ, ಬಣ್ಣದ ಪರೀಕ್ಷೆಯಲ್ಲಿ ಗ್ರಾಹಿಯೇ ಇಲ್ಲವೆಂದು ನಮೂದಾಗಿದ್ದ 16 ರೋಗಿಗಳ ಪೈಕಿ 4 ಮಂದಿಯ ಗೆಡ್ಡೆಗಳು ಈ ಔಷಧದಿಂದ ಗಣನೀಯವಾಗಿ ಕುಗ್ಗಿದ್ದವು. ಅಂದರೆ ಗ್ರಾಹಿ ಹೆಚ್ಚಿದ್ದವರೆಲ್ಲರಿಗೂ ಫಲ ದೊರೆಯಲಿಲ್ಲ. ಗ್ರಾಹಿ ಕಾಣದಿದ್ದ ಕೆಲವರಿಗೆ ದೊರೆಯಿತು.

ಇದಕ್ಕೆ ಕಾರಣವು ಗ್ರಾಹಿಯಲ್ಲಿರದೆ, ಅದರ ಕೆಳಗಿನ ಹಂತವಾದ ರಾಸ್‌ನಲ್ಲಿತ್ತು. ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇಕಡಾ 40ರಷ್ಟರಲ್ಲಿ ಕೆ-ರಾಸ್ ಎಂಬ ವಂಶವಾಹಿಯು ಉತ್ಪರಿವರ್ತನೆ ಹೊಂದಿರುತ್ತದೆ. ಹೀಗಾದಾಗ ರಾಸ್ ಪ್ರೋಟೀನ್ ವಿಶ್ರಾಂತ ಸ್ಥಿತಿಗೆ ಮರಳಲಾರದೆ, ಮೇಲಿನಿಂದ ಸಂದೇಶ ಬರಲಿ ಬಾರದಿರಲಿ, ಸದಾ ಬೆಳವಣಿಗೆಯ ಆಜ್ಞೆಯನ್ನು ರವಾನಿಸುತ್ತಲೇ ಇರುತ್ತದೆ. ಕೆರೆಯ ತೂಬನ್ನು ಮುಚ್ಚಿದರೆ ಕಾಲುವೆಯ ನೀರು ನಿಲ್ಲುತ್ತದೆ. ಆದರೆ ತೂಬಿನಿಂದ ಕೆಳಗೆ, ಕಾಲುವೆಯ ನಡುವೆಯೇ ಬೇರೊಂದು ಸೆಲೆ ಉಕ್ಕುತ್ತಿದ್ದರೆ ತೂಬನ್ನು ಎಷ್ಟು ಭದ್ರವಾಗಿ ಮುಚ್ಚಿದರೂ ಕಾಲುವೆ ಹರಿಯುತ್ತಲೇ ಇರುತ್ತದೆ. ಇಜಿಎಫ್‌ಆರ್ ತೂಬಿನಂತೆ, ಉತ್ಪರಿವರ್ತನೆ ಹೊಂದಿದ ರಾಸ್ ಕೆಳಗಿನ ಸೆಲೆಯಂತೆ.

ಕೆ-ರಾಸ್ ಉತ್ಪರಿವರ್ತನೆಗೂ ಸೆಟುಕ್ಸಿಮ್ಯಾಬ್ ವಿಫಲವಾಗುವುದಕ್ಕೂ ಇರುವ ಸಂಬಂಧವನ್ನು ಫ್ರಾನ್ಸ್‌ನ ಸಂಶೋಧಕರು 2006ರಲ್ಲಿ ವರದಿ ಮಾಡಿದರು. ಕೆನಡಾ ಮತ್ತು ಆಸ್ಟ್ರೇಲಿಯಾಗಳಲ್ಲಿ ನಡೆದ ಅಧ್ಯಯನದ 394 ರೋಗಿಗಳ ಗೆಡ್ಡೆಗಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಫಲಿತಾಂಶವು ಈ ಕೆಳಕಂಡಂತಿತ್ತು. ಇವರೆಲ್ಲರೂ ಇತರ ಔಷಧಗಳು ವಿಫಲವಾದ ನಂತರ ಈ ಅಧ್ಯಯನಕ್ಕೆ ಸೇರಿದವರು.

• ಕೆ-ರಾಸ್ ಸಹಜವಾಗಿದ್ದವರು: ಸೆಟುಕ್ಸಿಮ್ಯಾಬ್ ಪಡೆದವರ ಮಧ್ಯಕ ಜೀವಿತಾವಧಿ 9.5 ತಿಂಗಳು, ಪೋಷಕ ಆರೈಕೆ ಮಾತ್ರ ಪಡೆದವರಲ್ಲಿ 4.8 ತಿಂಗಳು.
• ಕೆ-ರಾಸ್ ಉತ್ಪರಿವರ್ತನೆ ಹೊಂದಿದ್ದವರು: ಸೆಟುಕ್ಸಿಮ್ಯಾಬ್ ಪಡೆದವರಲ್ಲಿ 4.5 ತಿಂಗಳು, ಪೋಷಕ ಆರೈಕೆ ಮಾತ್ರ ಪಡೆದವರಲ್ಲಿ 4.6 ತಿಂಗಳು.

ಮೊದಲ ಗುಂಪಿನವರಿಗೆ ಜೀವಿತಾವಧಿ ಸುಮಾರು ಎರಡು ಪಟ್ಟಾಯಿತು. ಎರಡನೆಯ ಗುಂಪಿನವರಿಗೆ ಖರ್ಚು ಮತ್ತು ಅಡ್ಡಪರಿಣಾಮಗಳ ವಿನಾ ಬೇರೇನೂ ದೊರೆಯಲಿಲ್ಲ. ಈ ಹಿನ್ನೆಲೆಯಲ್ಲಿ 2008-09ರ ಅವಧಿಯಲ್ಲಿ ಯೂರೋಪ್ ಮತ್ತು ಅಮೆರಿಕಗಳ ಔಷಧ ನಿಯಂತ್ರಣ ಪ್ರಾಧಿಕಾರಗಳು ಈ ಔಷಧಗಳ ಬಳಕೆಯ ಷರತ್ತುಗಳನ್ನು ಮಾರ್ಪಡಿಸಿದವು. 2013ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಿಂದ, ಕೆ-ರಾಸ್‌ನ ಇತರ ಭಾಗಗಳಲ್ಲಿ ಅಥವಾ ಎನ್-ರಾಸ್ ಎಂಬ ವಂಶವಾಹಿಯಲ್ಲಿ ಉತ್ಪರಿವರ್ತನೆಯಿದ್ದರೂ ಫಲ ದೊರೆಯುವುದಿಲ್ಲವೆಂದೂ, ಅಂತಹ ರೋಗಿಗಳಿಗೆ ಕೀಮೋಥೆರಪಿಯೊಂದಿಗೆ ಪ್ಯಾನಿಟುಮುಮ್ಯಾಬ್ ನೀಡಿದಾಗ ಫಲಿತಾಂಶವು ಕೀಮೋಥೆರಪಿ ಮಾತ್ರ ನೀಡಿದ್ದಕ್ಕಿಂತ ಕೆಳಮಟ್ಟದ್ದಾಗಿತ್ತೆಂದೂ ತಿಳಿದುಬಂದಿತು. ಆದ್ದರಿಂದ ಈಗ ಕೆ-ರಾಸ್ ಮತ್ತು ಎನ್-ರಾಸ್ ಎರಡರ 2, 3 ಮತ್ತು 4ನೇ ಭಾಗಗಳನ್ನೂ ಪರೀಕ್ಷಿಸುವುದು ಕಡ್ಡಾಯವೆಂದು ತಜ್ಞರು ಪರಿಗಣಿಸುತ್ತಾರೆ. ಈ ಭಾಗಗಳನ್ನು ವರದಿಯಲ್ಲಿ 'ಎಕ್ಸಾನ್' ಎಂದು ಕರೆಯಲಾಗುತ್ತದೆ.

ಅಭಿವ್ಯಕ್ತಿಯ ಪಾತ್ರವು ಸಂಪೂರ್ಣ ಗೌಣವೆಂದು ಇದರ ಅರ್ಥವಲ್ಲ. ರಾಸ್ ಸಹಜವಾಗಿರುವ ಗೆಡ್ಡೆಗಳಲ್ಲಿ ಆಂಫಿರೆಗ್ಯುಲಿನ್ ಮತ್ತು ಎಪಿರೆಗ್ಯುಲಿನ್ ಎಂಬ ಬೆಳವಣಿಗೆ ಅಂಶಗಳ ಅಭಿವ್ಯಕ್ತಿ ಹೆಚ್ಚಿದ್ದಲ್ಲಿ ಸೆಟುಕ್ಸಿಮ್ಯಾಬ್ ಉತ್ತಮ ಫಲ ನೀಡುವುದು 2007ರಿಂದ ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಆದರೆ ಈ ಅಳತೆಯು ಇನ್ನೂ ದೈನಂದಿನ ಚಿಕಿತ್ಸೆಯ ಭಾಗವಾಗಿರುವುದಿಲ್ಲ.

6. ಇತರ ಪ್ರಮುಖ ಬೆಳವಣಿಗೆ ಅಂಶಗಳು ಮತ್ತು ವಂಶವಾಹಿಗಳು

(ಅ) ವಿಇಜಿಎಫ್: ಗೆಡ್ಡೆಯು ಬೆಳೆಯಲು ರಕ್ತದ ಪೂರೈಕೆ ಬೇಕು. ಅದಕ್ಕಾಗಿ ಗೆಡ್ಡೆಯು ವಿಇಜಿಎಫ್ ಎಂಬ ಬೆಳವಣಿಗೆ ಅಂಶವನ್ನು ಹೊರಸೂಸಿ ಸಮೀಪದ ರಕ್ತನಾಳಗಳು ತನ್ನೆಡೆಗೆ ಕವಲೊಡೆಯುವಂತೆ ಮಾಡುತ್ತದೆ. ಈ ಅಂಶವನ್ನು ತಡೆಯುವ ಬೆವಾಸಿಜುಮ್ಯಾಬ್ ಔಷಧಕ್ಕೆ ಅಮೆರಿಕದಲ್ಲಿ 2004ರ ಫೆಬ್ರವರಿಯಲ್ಲಿ ಅನುಮತಿ ದೊರೆಯಿತು. ಅಂದಿನ ಅಧ್ಯಯನದಲ್ಲಿ ಕೀಮೋಥೆರಪಿ ಮಾತ್ರ ಪಡೆದವರ ಮಧ್ಯಕ ಜೀವಿತಾವಧಿ 15.6 ತಿಂಗಳುಗಳಿದ್ದುದು, ಈ ಔಷಧವನ್ನು ಸೇರಿಸಿದಾಗ 20.3 ತಿಂಗಳುಗಳಾಯಿತು. ಇದರ ಫಲವು ರಾಸ್‌ನ ಸ್ಥಿತಿಯನ್ನು ಅವಲಂಬಿಸಿರುವುದಿಲ್ಲ. ಗೆಡ್ಡೆಯಲ್ಲಿ ವಿಇಜಿಎಫ್‌ನ ಅಭಿವ್ಯಕ್ತಿಯನ್ನು ಅಳೆದು ಈ ಔಷಧದ ಫಲವನ್ನು ಮುಂಚಿತವಾಗಿ ಹೇಳಲೂ ಸಾಧ್ಯವಾಗಿರುವುದಿಲ್ಲ.

(ಆ) ಹರ್-2: ಬೇರೆ ಅಂಗಗಳಿಗೆ ಹರಡಿರುವ ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇಕಡಾ 2ರಿಂದ 3ರಷ್ಟರಲ್ಲಿ ಹರ್-2 ಗ್ರಾಹಿಯು ಅತ್ಯಧಿಕ ಪ್ರಮಾಣದಲ್ಲಿರುತ್ತದೆ. ಇಲ್ಲಿ ಅಭಿವ್ಯಕ್ತಿಯ ಪ್ರಮಾಣವೇ ನಿರ್ಣಾಯಕ. ಇಂತಹವರಲ್ಲಿ ರಾಸ್ ಸಹಜವಾಗಿದ್ದು, ಹಿಂದಿನ ಚಿಕಿತ್ಸೆಗಳು ವಿಫಲವಾಗಿದ್ದಲ್ಲಿ, ಟ್ರಾಸ್ಟುಜುಮ್ಯಾಬ್ ಮತ್ತು ಟುಕಾಟಿನಿಬ್ ಔಷಧಗಳನ್ನು ಒಟ್ಟಾಗಿ ನೀಡಲು ಅಮೆರಿಕದಲ್ಲಿ 2023ರಲ್ಲಿ ಅನುಮತಿ ನೀಡಲಾಯಿತು.

(ಇ) ಬಿ-ರಾಫ್: ರಾಸ್‌ನ ಕೆಳಗಿನ ಹಂತವಾದ ರಾಫ್‌ನಲ್ಲಿ 'ವಿ-600-ಇ' ಎಂಬ ಉತ್ಪರಿವರ್ತನೆಯು ಸುಮಾರು ಶೇಕಡಾ 8ರಿಂದ 10ರಷ್ಟು ರೋಗಿಗಳಲ್ಲಿ ಇರುತ್ತದೆ. ಇವರಲ್ಲಿ ರೋಗವು ಹೆಚ್ಚು ಉಗ್ರ. ಇವರಿಗೆ ಎಂಕೊರಾಫೆನಿಬ್ ಮತ್ತು ಸೆಟುಕ್ಸಿಮ್ಯಾಬ್ ಔಷಧಗಳನ್ನು ಒಟ್ಟಾಗಿ ನೀಡಲು ಅಮೆರಿಕದಲ್ಲಿ 2020ರಲ್ಲಿ ಅನುಮತಿ ದೊರೆಯಿತು.

(ಈ) ಟಿಜಿಎಫ್-ಬೀಟಾ: ಇದು ಆರೋಗ್ಯವಂತ ಕರುಳಿನಲ್ಲಿ ಬೆಳವಣಿಗೆಯನ್ನು ತಡೆಹಿಡಿಯುವ ಅಂಶ. ಡಿಎನ್‌ಎ ದುರಸ್ತಿ ವ್ಯವಸ್ಥೆಯು ಕೆಟ್ಟಿರುವ ಗೆಡ್ಡೆಗಳಲ್ಲಿ ಇದರ ಗ್ರಾಹಿಯ ವಂಶವಾಹಿಯೇ ದೋಷಯುಕ್ತವಾಗಿ, ತಡೆಯ ಸಂದೇಶವು ಜೀವಕೋಶವನ್ನು ತಲುಪುವುದಿಲ್ಲವೆಂದು 1995ರಲ್ಲಿ ಪತ್ತೆಯಾಯಿತು. ಇಂತಹ ಗೆಡ್ಡೆಗಳನ್ನು 'ಎಂಎಸ್‌ಐ-ಹೈ' ಎಂದು ವರದಿಯಲ್ಲಿ ನಮೂದಿಸುತ್ತಾರೆ. ಒಟ್ಟು ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ಇವು ಸುಮಾರು ಶೇಕಡಾ 15ರಷ್ಟಿರುತ್ತವೆ. ಹರಡಿರುವ ಹಂತದಲ್ಲಿ ಇವರಿಗೆ ರೋಗನಿರೋಧಕ ಶಕ್ತಿಯನ್ನು ಪ್ರಚೋದಿಸುವ ಪೆಂಬ್ರೊಲಿಜುಮ್ಯಾಬ್ ಮುಂತಾದ ಔಷಧಗಳು ಹೆಚ್ಚು ಫಲಕಾರಿ.

7. ಪರೀಕ್ಷೆಯನ್ನು ಯಾರು, ಯಾವಾಗ ಮಾಡಿಸಬೇಕು?

(1) ರೋಗವು ಯಕೃತ್ತು, ಶ್ವಾಸಕೋಶ ಮುಂತಾದ ಬೇರೆ ಅಂಗಗಳಿಗೆ ಹರಡಿರುವ ಎಲ್ಲ ರೋಗಿಗಳು ರಾಸ್ ಮತ್ತು ಬಿ-ರಾಫ್ ಪರೀಕ್ಷೆಗಳನ್ನು ಮಾಡಿಸತಕ್ಕದ್ದು. ಸೆಟುಕ್ಸಿಮ್ಯಾಬ್ ಅಥವಾ ಪ್ಯಾನಿಟುಮುಮ್ಯಾಬ್ ಔಷಧವನ್ನು ಆರಂಭಿಸುವ ಮೊದಲು ವರದಿಯು ಕೈಸೇರಿರಬೇಕು.

(2) ಡಿಎನ್‌ಎ ದುರಸ್ತಿ ವ್ಯವಸ್ಥೆಯ ಪರೀಕ್ಷೆಯನ್ನು ರೋಗದ ಯಾವುದೇ ಹಂತದಲ್ಲಿರುವವರೂ ಮಾಡಿಸಿಕೊಳ್ಳುವುದು ಸೂಕ್ತ. ಅನುವಂಶೀಯವಾದ 'ಲಿಂಚ್ ಸಿಂಡ್ರೋಮ್' ಎಂಬ ಸ್ಥಿತಿಯನ್ನು ಗುರುತಿಸಲೂ ಇದು ನೆರವಾಗುತ್ತದೆ.

(3) ರೋಗವು ಹರಡದೆ, ಶಸ್ತ್ರಚಿಕಿತ್ಸೆಯಿಂದ ಸಂಪೂರ್ಣವಾಗಿ ತೆಗೆದುಹಾಕಲ್ಪಟ್ಟಿದ್ದಲ್ಲಿ, ನಂತರದ ಕೀಮೋಥೆರಪಿಯೊಂದಿಗೆ ಸೆಟುಕ್ಸಿಮ್ಯಾಬ್ ಸೇರಿಸುವುದರಿಂದ ಪ್ರಯೋಜನವಿಲ್ಲವೆಂದು 2012ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿದೆ. ಕೆ-ರಾಸ್ ಸಹಜವಾಗಿದ್ದವರಿಗೂ ಇದು ಅನ್ವಯಿಸುತ್ತದೆ.

(4) ಗೆಡ್ಡೆಯು ಕರುಳಿನ ಎಡಭಾಗದಲ್ಲಿದೆಯೋ ಬಲಭಾಗದಲ್ಲಿದೆಯೋ ಎಂಬುದೂ ಮುಖ್ಯ. ರಾಸ್ ಸಹಜವಾಗಿದ್ದರೂ, ಮೊದಲ ಹಂತದ ಚಿಕಿತ್ಸೆಯಲ್ಲಿ ಸೆಟುಕ್ಸಿಮ್ಯಾಬ್‌ನ ಪ್ರಯೋಜನವು ಪ್ರಮುಖವಾಗಿ ಎಡಭಾಗದ ಗೆಡ್ಡೆಗಳಲ್ಲಿ ಕಂಡುಬರುತ್ತದೆ.

8. ಮಾದರಿ ಸಂಗ್ರಹಣೆ ಮತ್ತು ಪ್ಯಾರಾಫಿನ್ ಬ್ಲಾಕ್

ಈ ಪರೀಕ್ಷೆಗಾಗಿ ಸಾಮಾನ್ಯವಾಗಿ ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಮಾಡಿಸುವ ಅಗತ್ಯವಿಲ್ಲ. ಬಯಾಪ್ಸಿ ಅಥವಾ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ತೆಗೆದ ಗೆಡ್ಡೆಯ ತುಣುಕನ್ನು ಫಾರ್ಮಲಿನ್ ದ್ರಾವಣದಲ್ಲಿಟ್ಟು, ನಂತರ ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿ ಸಣ್ಣ ಅಚ್ಚಿನ ರೂಪದಲ್ಲಿ ಸಂರಕ್ಷಿಸಲಾಗುತ್ತದೆ. ಇದನ್ನೇ ಪ್ಯಾರಾಫಿನ್ ಬ್ಲಾಕ್ ಎನ್ನುತ್ತಾರೆ. ಇದು ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿರುತ್ತದೆ. ಚಿಕಿತ್ಸೆಗಾಗಿ ಬೇರೆ ಊರಿನ ಆಸ್ಪತ್ರೆಗೆ ತೆರಳುವ ರೋಗಿಗಳು ಡಿಸ್ಚಾರ್ಜ್ ಸಾರಾಂಶ ಮತ್ತು ಸ್ಕ್ಯಾನ್ ಪ್ರತಿಗಳನ್ನು ಒಯ್ದು, ಬ್ಲಾಕ್ ಅನ್ನು ಮರೆಯುವುದು ಸಾಮಾನ್ಯ. ಇದರಿಂದ ಪರೀಕ್ಷೆಯೂ ಚಿಕಿತ್ಸೆಯೂ ವಿಳಂಬವಾಗುತ್ತವೆ.

ಬ್ಲಾಕ್ ಪಡೆಯಲು ಆಸ್ಪತ್ರೆಗೆ ನೀಡುವ ಮನವಿಯಲ್ಲಿ ಈ ಕೆಳಕಂಡ ವಿವರಗಳಿರಬೇಕು:

• ರೋಗಿಯ ಹೆಸರು, ವಯಸ್ಸು ಮತ್ತು ಆಸ್ಪತ್ರೆಯ ನೋಂದಣಿ ಸಂಖ್ಯೆ
• ಬಯಾಪ್ಸಿ ಅಥವಾ ಶಸ್ತ್ರಚಿಕಿತ್ಸೆಯ ದಿನಾಂಕ
• ಪೆಥಾಲಜಿ ವರದಿಯ ಸಂಖ್ಯೆ ಮತ್ತು ವರದಿಯ ಪ್ರತಿ
• ಬ್ಲಾಕ್ ಅಗತ್ಯವಿರುವ ಕಾರಣ ಹಾಗೂ ಸಾಧ್ಯವಾದಲ್ಲಿ ಚಿಕಿತ್ಸೆ ನೀಡುವ ವೈದ್ಯರ ಪತ್ರ
• ಸ್ವೀಕರಿಸುವವರು ರೋಗಿಯಲ್ಲದಿದ್ದಲ್ಲಿ, ಅವರ ಗುರುತಿನ ಚೀಟಿ ಮತ್ತು ರೋಗಿಯ ಒಪ್ಪಿಗೆ ಪತ್ರ

ಬ್ಲಾಕ್ ಅನ್ನು ಬಿಸಿಲು ಮತ್ತು ಶಾಖದಿಂದ ದೂರವಿಡಬೇಕು. ಹೆಚ್ಚು ಶಾಖದಲ್ಲಿ ಮೇಣವು ಕರಗುವ ಸಂಭವವಿರುತ್ತದೆ. ಪರೀಕ್ಷೆಯ ನಂತರ ಉಳಿದ ಭಾಗವನ್ನು ಮರಳಿ ಪಡೆದು ಜೋಪಾನವಾಗಿರಿಸಿಕೊಳ್ಳುವುದು ಸೂಕ್ತ. ಮುಂದೆ ಬೇರೊಂದು ಪರೀಕ್ಷೆಗೆ ಅದು ಬೇಕಾಗಬಹುದು. ಗೆಡ್ಡೆಯ ತುಣುಕು ಲಭ್ಯವಿಲ್ಲದಿದ್ದಲ್ಲಿ ಅಥವಾ ಸಾಲದಿದ್ದಲ್ಲಿ, ರಕ್ತದಲ್ಲಿ ಸಂಚರಿಸುವ ಗೆಡ್ಡೆಯ ಡಿಎನ್‌ಎಯನ್ನು ಪರೀಕ್ಷಿಸುವ ವಿಧಾನವೂ ಇದೆ.

9. ವರದಿಯನ್ನು ಓದುವ ಕ್ರಮ

• 'ವೈಲ್ಡ್ ಟೈಪ್' ಅಥವಾ 'ಮ್ಯುಟೇಷನ್ ನಾಟ್ ಡಿಟೆಕ್ಟೆಡ್': ಪರೀಕ್ಷಿಸಿದ ಭಾಗಗಳಲ್ಲಿ ವಂಶವಾಹಿಯು ಸಹಜವಾಗಿದೆ. ಇಜಿಎಫ್‌ಆರ್ ತಡೆಯುವ ಔಷಧವನ್ನು ವೈದ್ಯರು ಪರಿಗಣಿಸಬಹುದು. ಯಾವ ಯಾವ ಎಕ್ಸಾನ್‌ಗಳನ್ನು ಪರೀಕ್ಷಿಸಲಾಗಿದೆ ಎಂಬುದನ್ನು ಗಮನಿಸಬೇಕು. ಎಕ್ಸಾನ್ 2 ಮಾತ್ರ ಪರೀಕ್ಷಿಸಿದ ವರದಿಯು ಅಪೂರ್ಣ.
• 'ಮ್ಯುಟೇಷನ್ ಡಿಟೆಕ್ಟೆಡ್': ಉತ್ಪರಿವರ್ತನೆ ಇದೆ. ರಾಸ್‌ನಲ್ಲಿದ್ದರೆ ಸೆಟುಕ್ಸಿಮ್ಯಾಬ್ ಅಥವಾ ಪ್ಯಾನಿಟುಮುಮ್ಯಾಬ್ ಅನ್ನು ಕೀಮೋಥೆರಪಿಯೊಂದಿಗೆ ನೀಡುವುದು ಸೂಕ್ತವಲ್ಲ. ಆದರೆ ಕೆ-ರಾಸ್‌ನ 'ಜಿ-12-ಸಿ' ಎಂಬ ಒಂದು ನಿರ್ದಿಷ್ಟ ಉತ್ಪರಿವರ್ತನೆಯಿದ್ದಲ್ಲಿ, ಆ ದೋಷವನ್ನೇ ತಡೆಯುವ ಅಡಾಗ್ರಾಸಿಬ್‌ನೊಂದಿಗೆ ಸೆಟುಕ್ಸಿಮ್ಯಾಬ್ ನೀಡಲು ಅಮೆರಿಕದಲ್ಲಿ 2024ರಲ್ಲಿಯೂ, ಸೊಟೊರಾಸಿಬ್‌ನೊಂದಿಗೆ ಪ್ಯಾನಿಟುಮುಮ್ಯಾಬ್ ನೀಡಲು 2025ರಲ್ಲಿಯೂ ಅನುಮತಿ ನೀಡಲಾಗಿದೆ.
• 'ಇಜಿಎಫ್‌ಆರ್ ಪಾಸಿಟಿವ್': ಗ್ರಾಹಿಯು ಗೆಡ್ಡೆಯಲ್ಲಿದೆ ಎಂದಷ್ಟೇ ಇದರ ಅರ್ಥ. ಇದೊಂದರ ಆಧಾರದ ಮೇಲೆ ಔಷಧವನ್ನು ನಿರ್ಧರಿಸುವಂತಿಲ್ಲ.
• 'ಇನ್‌ಸಫಿಶಿಯೆಂಟ್' ಅಥವಾ 'ಇನ್‌ವ್ಯಾಲಿಡ್': ಮಾದರಿಯು ಸಾಲದು ಅಥವಾ ಪರೀಕ್ಷೆ ಸಫಲವಾಗಿಲ್ಲ. ಇದನ್ನು 'ಸಹಜ' ಎಂದು ಭಾವಿಸಬಾರದು. ಪರೀಕ್ಷೆಯನ್ನು ಪುನಃ ಮಾಡಿಸಬೇಕು.

10. ಔಷಧಗಳ ಅಡ್ಡಪರಿಣಾಮಗಳು

ಇಜಿಎಫ್ ಗ್ರಾಹಿಯು ಚರ್ಮದಲ್ಲಿಯೂ ಇರುವುದರಿಂದ ಸೆಟುಕ್ಸಿಮ್ಯಾಬ್ ಮತ್ತು ಪ್ಯಾನಿಟುಮುಮ್ಯಾಬ್ ಪಡೆಯುವ ಬಹುತೇಕ ರೋಗಿಗಳ ಮುಖ ಮತ್ತು ಎದೆಯ ಮೇಲೆ ಮೊಡವೆಯಂತಹ ಗುಳ್ಳೆಗಳು ಏಳುತ್ತವೆ. ರಕ್ತದಲ್ಲಿ ಮೆಗ್ನೀಸಿಯಂ ಪ್ರಮಾಣ ಕುಸಿಯಬಹುದು. ಆದ್ದರಿಂದ ನಿಯತವಾಗಿ ರಕ್ತಪರೀಕ್ಷೆ ಮಾಡಿಸಬೇಕಾಗುತ್ತದೆ. ಬೆವಾಸಿಜುಮ್ಯಾಬ್‌ನಿಂದ ರಕ್ತದೊತ್ತಡ ಏರುವುದು, ಗಾಯ ಮಾಯಲು ತಡವಾಗುವುದು, ವಿರಳವಾಗಿ ಕರುಳಿನಲ್ಲಿ ರಂಧ್ರ ಉಂಟಾಗುವುದು ಸಂಭವನೀಯ. ಈ ಔಷಧ ಪಡೆಯುತ್ತಿರುವವರು ಯಾವುದೇ ಪೂರ್ವಯೋಜಿತ ಶಸ್ತ್ರಚಿಕಿತ್ಸೆಗೆ ಮುನ್ನ ಕನಿಷ್ಠ 28 ದಿನಗಳ ಅಂತರವಿರಿಸಬೇಕಾದ್ದರಿಂದ, ವೈದ್ಯರಿಗೆ ಮುಂಚಿತವಾಗಿ ತಿಳಿಸತಕ್ಕದ್ದು.

11. ಕರ್ನಾಟಕದಲ್ಲಿ ಲಭ್ಯವಿರುವ ಸೌಲಭ್ಯಗಳು

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು 1973ರಲ್ಲಿ ಆರಂಭವಾಗಿ, 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಗಿ ಮಾನ್ಯತೆ ಪಡೆಯಿತು. ಬೆಂಗಳೂರಿನ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿಯು 1982ರಿಂದ ಈ ಸಂಸ್ಥೆಯಲ್ಲಿಯೇ ನಡೆದುಬಂದಿದೆ. ಕಲಬುರಗಿಯಲ್ಲಿ ಸಂಸ್ಥೆಯ ಉಪಕೇಂದ್ರವಿದೆ.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯು 2018ರಲ್ಲಿ ಜಾರಿಗೆ ಬಂದಿದ್ದು, ಇದನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅನುಷ್ಠಾನಗೊಳಿಸುತ್ತಿದೆ. ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳಿಗೆ ವಾರ್ಷಿಕ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ಸೌಲಭ್ಯವನ್ನೂ, ಇತರ ಕುಟುಂಬಗಳಿಗೆ ನಿಗದಿತ ದರದ ಶೇಕಡಾ 30ರಷ್ಟನ್ನು ವಾರ್ಷಿಕ 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿಯೂ ಭರಿಸಲು ಅವಕಾಶ ಕಲ್ಪಿಸಲಾಗಿದೆ. ಫಲಾನುಭವಿಗಳು ಆಧಾರ್ ಮತ್ತು ಪಡಿತರ ಚೀಟಿಗಳೊಂದಿಗೆ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಸಂಪರ್ಕಿಸಬೇಕು. ಯೋಜನೆಯ ಚಿಕಿತ್ಸಾ ಪಟ್ಟಿಯಲ್ಲಿ ಯಾವ ಔಷಧ ಮತ್ತು ಯಾವ ಪರೀಕ್ಷೆಗಳು ಒಳಗೊಂಡಿವೆ ಎಂಬುದನ್ನು ಚಿಕಿತ್ಸೆ ಆರಂಭವಾಗುವ ಮೊದಲೇ ಕೇಳಿ ತಿಳಿಯುವುದು ಅವಶ್ಯಕ. ಬಡತನ ರೇಖೆಗಿಂತ ಕೆಳಗಿರುವವರಿಗಾಗಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಆರೋಗ್ಯ ನಿಧಿಯಡಿ 2009ರಲ್ಲಿ ಆರೋಗ್ಯ ಸಚಿವರ ಕ್ಯಾನ್ಸರ್ ರೋಗಿಗಳ ನಿಧಿಯನ್ನು ಸ್ಥಾಪಿಸಲಾಗಿದೆ.

ಇಜಿಎಫ್‌ಆರ್ ತಡೆಯುವ ನಿಮೊಟುಜುಮ್ಯಾಬ್ ಎಂಬ ಔಷಧವನ್ನು ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಕ್ಯೂಬಾದ ಸಹಯೋಗದಲ್ಲಿ ಸಿದ್ಧಪಡಿಸಿ 2006ರಲ್ಲಿ ಬಿಡುಗಡೆ ಮಾಡಿತು. ಅದು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗಾಗಿ ಬಿಡುಗಡೆಯಾದ ಔಷಧವೆಂಬುದನ್ನು ಗಮನಿಸಬೇಕು. ತಡೆಯುವ ಗ್ರಾಹಿಯು ಒಂದೇ ಆದರೂ, ಒಂದು ಅಂಗದ ಕ್ಯಾನ್ಸರ್‌ಗೆ ಒಪ್ಪುವ ಔಷಧವು ಮತ್ತೊಂದಕ್ಕೆ ಒಪ್ಪುತ್ತದೆಂದು ಭಾವಿಸುವಂತಿಲ್ಲ.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವರದಿಯಲ್ಲಿ ರಾಸ್ ಉತ್ಪರಿವರ್ತನೆ ಇದೆಯೆಂದು ಬಂದಿದೆ. ಇದು ಮಕ್ಕಳಿಗೂ ಬರುತ್ತದೆಯೇ?
ಉತ್ತರ: ಇಲ್ಲ. ಈ ಉತ್ಪರಿವರ್ತನೆಯು ಗೆಡ್ಡೆಯ ಜೀವಕೋಶಗಳಲ್ಲಿ ಮಾತ್ರ ಉಂಟಾಗಿರುತ್ತದೆ. ಇದು ತಂದೆತಾಯಿಗಳಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. ಲಿಂಚ್ ಸಿಂಡ್ರೋಮ್ ಮುಂತಾದ ಅನುವಂಶೀಯ ಸ್ಥಿತಿಗಳು ಬೇರೆ. ಅವುಗಳ ಪರೀಕ್ಷೆಯೂ ಬೇರೆ.

ಪ್ರಶ್ನೆ: ಉತ್ಪರಿವರ್ತನೆ ಇದ್ದರೆ ಚಿಕಿತ್ಸೆಯೇ ಇಲ್ಲವೆಂದು ಅರ್ಥವೇ?
ಉತ್ತರ: ಅಲ್ಲ. ಒಂದು ಗುಂಪಿನ ಔಷಧ ಮಾತ್ರ ಫಲ ನೀಡುವುದಿಲ್ಲ. ಕೀಮೋಥೆರಪಿ, ಬೆವಾಸಿಜುಮ್ಯಾಬ್ ಹಾಗೂ ಆಯ್ದ ಸಂದರ್ಭಗಳಲ್ಲಿ ಶಸ್ತ್ರಚಿಕಿತ್ಸೆ ಲಭ್ಯವಿರುತ್ತವೆ. ನಿಷ್ಫಲವಾಗುವ ಔಷಧಕ್ಕೆ ಹಣ ಮತ್ತು ಸಮಯ ವ್ಯಯವಾಗುವುದನ್ನು ವರದಿಯು ತಪ್ಪಿಸುತ್ತದೆ.

ಪ್ರಶ್ನೆ: ಗೆಡ್ಡೆಯಲ್ಲಿ ಇಜಿಎಫ್‌ಆರ್ ಇಲ್ಲವೆಂದು ಬಂದಿದೆ. ಸೆಟುಕ್ಸಿಮ್ಯಾಬ್ ಪಡೆಯುವಂತಿಲ್ಲವೇ?
ಉತ್ತರ: ಅದೊಂದೇ ಕಾರಣಕ್ಕೆ ನಿರಾಕರಿಸುವ ಅಗತ್ಯವಿಲ್ಲ. ರಾಸ್, ಬಿ-ರಾಫ್ ವರದಿಗಳು ಹಾಗೂ ಗೆಡ್ಡೆಯ ಸ್ಥಾನವನ್ನು ಪರಿಶೀಲಿಸಿ ವೈದ್ಯರು ನಿರ್ಧರಿಸುತ್ತಾರೆ.

ಪ್ರಶ್ನೆ: ವರದಿ ಬರುವವರೆಗೆ ಚಿಕಿತ್ಸೆಯನ್ನು ನಿಲ್ಲಿಸಬೇಕೇ?
ಉತ್ತರ: ನಿಲ್ಲಿಸಬೇಕಾಗಿಲ್ಲ. ವೈದ್ಯರ ಸಲಹೆಯಂತೆ ಕೀಮೋಥೆರಪಿಯನ್ನು ಆರಂಭಿಸಿ, ವರದಿ ಬಂದ ನಂತರ ನಿರ್ದೇಶಿತ ಔಷಧವನ್ನು ಸೇರಿಸಬಹುದು.

ಸೂಚನೆ: ಈ ಪುಟದಲ್ಲಿರುವ ವಿವರಗಳು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ. ಚಿಕಿತ್ಸೆಯ ಕುರಿತ ತೀರ್ಮಾನವನ್ನು ಕ್ಯಾನ್ಸರ್ ತಜ್ಞರೊಂದಿಗೆ ಸಮಾಲೋಚಿಸಿಯೇ ಕೈಗೊಳ್ಳತಕ್ಕದ್ದು. ನಿರ್ದೇಶಿತ ಔಷಧದ ಸಲಹೆ ದೊರೆತಾಗ, ಹಣ ಹೊಂದಿಸುವ ಮುನ್ನ "ರಾಸ್ ಪರೀಕ್ಷೆಯ ವರದಿ ಬಂದಿದೆಯೇ?" ಎಂದು ವೈದ್ಯರನ್ನು ಕೇಳುವುದು ಪ್ರತಿಯೊಬ್ಬ ರೋಗಿಯ ಹಾಗೂ ಅವರ ಕುಟುಂಬದವರ ಹಕ್ಕಾಗಿರುತ್ತದೆ.